ಗಣಕದೊಳಗೊಂದು ಗಣಕ

ಸಮತಲ ದರ್ಪಣದ ಮುಂದೆ ನಿಂತಾಗ ನಮ್ಮ ರೂಪವು ದರ್ಪಣದ ಹಿಂದೆ, ನಾವು ನಿಂತಿರುವಷ್ಟೇ ದೂರದಲ್ಲಿ ಕಾಣುವುದಷ್ಟೆ. ದರ್ಪಣದ ಹಿಂದಕ್ಕೆ ಹೋಗಿ ಹುಡುಕಿದರೆ ಅಲ್ಲಿ ಗೋಡೆಯಲ್ಲದೆ ಮತ್ತೇನೂ ಇಲ್ಲ. ಬೆಳಕಿನ ಕಿರಣಗಳು ಅಲ್ಲಿಂದ ಬಂದಂತೆ ತೋರುತ್ತವೆಯೇ ಹೊರತು ನಿಜವಾಗಿ ಅಲ್ಲಿಂದ ಹೊರಡುವುದಿಲ್ಲ. ಇಂಥ ಬಿಂಬವನ್ನು ಮಿಥ್ಯಾಬಿಂಬವೆಂದು ಕರೆಯುತ್ತೇವೆ. ಇಂಗ್ಲಿಷಿನಲ್ಲಿ ಇದಕ್ಕಿರುವ 'ವರ್ಚುಯಲ್' ಎಂಬ ವಿಶೇಷಣವು ಗಣಕಶಾಸ್ತ್ರದಲ್ಲಿಯೂ ಸುಮಾರು ಅರುವತ್ತು ವರ್ಷಗಳಿಂದ ಬಳಕೆಯಲ್ಲಿದೆ. ಅಲ್ಲಿ ಅದು ಹೇಳುವುದು ಬಿಂಬವನ್ನಲ್ಲ, ಯಂತ್ರವನ್ನು. ತೂಕವಿಲ್ಲದ, ತಂತಿಯಿಲ್ಲದ, ಮೇಜಿನ ಮೇಲೆ ಅಂಗೈಯಗಲದ ಜಾಗವನ್ನೂ ಬೇಡದ ಗಣಕವೊಂದು ನಿಜವಾದ ಗಣಕದ ಒಳಗೆ ನೆಲಸಿ, ನಿಜವಾದ ಕೆಲಸವನ್ನು ಮಾಡಿಕೊಡುತ್ತದೆ. ಇದನ್ನು ನಾವು ಮಿಥ್ಯಾಗಣಕವೆಂದು ಕರೆಯೋಣ.

ಇಂಥದೊಂದನ್ನು ಲಿನಕ್ಸ್ ಗಣಕದಲ್ಲಿ ನೆಲೆಗೊಳಿಸುವ ಬಗೆ ಹೇಗೆ, ಆ ಕೆಲಸದ ಪ್ರತಿಯೊಂದು ಹೆಜ್ಜೆಯ ಹಿಂದೆ ಇರುವ ತತ್ತ್ವವೇನು ಎಂಬುದೇ ಈ ಲೇಖನದ ವಿಷಯ. ನಾವು ಇದನ್ನು ಕಲಿತದ್ದು ಕುತೂಹಲಕ್ಕಾಗಿ ಅಲ್ಲ. ಒಂದು ಸಂಕಟದಿಂದ ಪಾರಾಗುವುದಕ್ಕಾಗಿ. ಆದುದರಿಂದ ಆ ಸಂಕಟದಿಂದಲೇ ಪ್ರಾರಂಭಿಸುವುದು ಯುಕ್ತ.

ಪ್ರಯೋಗಶಾಲೆಯ ಸಂಕಟ

ನಮ್ಮ ಪ್ರಯೋಗಶಾಲೆಯಲ್ಲಿ ಗ್ಯಾಮಾ ಕಿರಣಗಳ ಶಕ್ತಿಯನ್ನು ಅಳೆಯುವ ಉಪಕರಣವೊಂದಿದೆ. ಕಿರಣವು ಸೋಡಿಯಂ ಅಯೊಡೈಡಿನ ಹರಳನ್ನು ಹೊಕ್ಕಾಗ ಅಲ್ಲೊಂದು ಬೆಳಕಿನ ಮಿಣುಕು ಹುಟ್ಟುತ್ತದೆ. ಆ ಮಿಣುಕು ವಿದ್ಯುತ್ ಸ್ಪಂದವಾಗುತ್ತದೆ. ಸ್ಪಂದದ ಎತ್ತರವನ್ನು ಅಳೆದು, ಉಪಕರಣವು ತನ್ನಲ್ಲಿರುವ ೧೦೨೪ ಮನೆಗಳ ಪೈಕಿ ತಕ್ಕ ಮನೆಯಲ್ಲಿ ಒಂದು ಎಣಿಕೆಯನ್ನು ಕೂಡಿಸುತ್ತದೆ. ಸೀಸಿಯಂ-೧೩೭ರ ಬಳಿ ಸ್ವಲ್ಪ ಹೊತ್ತು ಇಟ್ಟರೆ ೬೬೨ ಕಿಲೋ ಎಲೆಕ್ಟ್ರಾನ್ ವೋಲ್ಟಿನ ಸ್ಥಾನದಲ್ಲಿ ಸೊಗಸಾದ ಶಿಖರವೊಂದು ಮೂಡಿಬರುತ್ತದೆ.

ಈ ಎಣಿಕೆಗಳನ್ನು ಓದಿ ನಕ್ಷೆ ಬರೆಯುವ ಪ್ರೋಗ್ರಾಂ ವಿಂಡೋಸ್ ಎಕ್ಸ್‌ಪಿಯ ಕಾಲದ್ದು. ಅದರ ಸ್ಥಾಪನಾಭಾಗವಂತೂ ಇನ್ನೂ ಹಿಂದಿನ ೧೬ ಬಿಟ್ ಯುಗಕ್ಕೆ ಸೇರಿದ್ದು. ಇಂದಿನ ೬೪ ಬಿಟ್ ವಿಂಡೋಸ್ ಅಂಥದನ್ನು ನಡೆಸುವುದೇ ಇಲ್ಲ. ಉಪಕರಣವನ್ನು ತಯಾರಿಸಿದವರು ಹೊಸ ಪ್ರೋಗ್ರಾಮನ್ನು ಹೊರತರಲಿಲ್ಲ. ಹೀಗಾಗಿ ಒಂದು ಹಳೆಯ ಗಣಕವು ಈ ಒಂದೇ ಕೆಲಸಕ್ಕಾಗಿ ಮೂಲೆಯಲ್ಲಿ ಉಳಿದುಕೊಂಡಿತ್ತು. ಕಳೆದ ವರ್ಷ ಅದರ ಹಾರ್ಡ್ ಡಿಸ್ಕ್ 'ಟಿಕ್ ಟಿಕ್' ಎಂದು ಶಬ್ದಮಾಡಲು ಪ್ರಾರಂಭಿಸಿತು. ಇದು ಡಿಸ್ಕಿನ ಕೊನೆಗಾಲದ ಲಕ್ಷಣವೆಂಬುದು ಎಲ್ಲರಿಗೂ ತಿಳಿದದ್ದೇ. ಪ್ರಾಯೋಗಿಕ ಪರೀಕ್ಷೆಗೆ ಆರು ವಾರಗಳಿದ್ದವು. ನಾಲ್ವರು ವಿದ್ಯಾರ್ಥಿಗಳು ಇಡೀ ವರ್ಷ ಬಂಡೆ, ಮಣ್ಣುಗಳ ವಿಕಿರಣವನ್ನು ಅಳೆದು ಕೂಡಿಟ್ಟ ಕಡತಗಳನ್ನು ಆ ಪ್ರೋಗ್ರಾಂ ಬಿಟ್ಟರೆ ಬೇರಾವುದೂ ಓದಲಾರದಾಗಿತ್ತು. ಹೊಸ ಉಪಕರಣವನ್ನು ಕೊಳ್ಳುವುದು ನಮ್ಮ ಇಲಾಖೆಯ ಶಕ್ತಿಗೆ ಮೀರಿದ ಮಾತು.

ನಮ್ಮಲ್ಲಿದ್ದುದು ಉಬುಂಟು ೨೪.೦೪ ಎಂಬ ಲಿನಕ್ಸ್ ಇದ್ದ, ೮ ಗಿಗಾಬೈಟ್ ಸ್ಮೃತಿಯ ಒಂದು ಹೊಸ ಗಣಕ. ಆ ಲಿನಕ್ಸಿನ ಒಡಲಲ್ಲಿ ಎಕ್ಸ್‌ಪಿಗೆ ಒಂದು ಮನೆ ಕಟ್ಟಿಕೊಡಬೇಕೆಂದು ನಿಶ್ಚಯಿಸಿದೆವು.

ಒಂದು ರಾಜ್ಯ, ಇಬ್ಬರು ಅರಸರು

ಕೆಲಸಕ್ಕೆ ಕೈಯಿಡುವ ಮುನ್ನ ಒಂದು ಪ್ರಶ್ನೆಯನ್ನು ವಿಚಾರಿಸಬೇಕು. ಒಂದು ಗಣಕದಲ್ಲಿ ಏಕಕಾಲಕ್ಕೆ ಎರಡು ಆಪರೇಟಿಂಗ್ ಸಿಸ್ಟಂಗಳು ನಡೆಯುವುದು ಕಷ್ಟವೇಕೆ?

ಆಪರೇಟಿಂಗ್ ಸಿಸ್ಟಮ್ಮಿನ ತಿರುಳಿಗೆ ಕರ್ನಲ್ ಎಂದು ಹೆಸರು. ಸ್ಮೃತಿಯನ್ನು ಹಂಚುವುದು, ಡಿಸ್ಕನ್ನು ಓದುವುದು, ಯಾವ ಪ್ರೋಗ್ರಾಂ ಎಷ್ಟು ಹೊತ್ತು ನಡೆಯಬೇಕೆಂದು ನಿರ್ಣಯಿಸುವುದು ಇವೆಲ್ಲ ಅದರ ಅಧಿಕಾರ. ಈ ಅಧಿಕಾರವನ್ನು ಪ್ರೊಸೆಸರ್ ಎಂಬ ಸಂಸ್ಕಾರಕವೇ ಕಾಪಾಡುತ್ತದೆ. ಸಂಸ್ಕಾರಕಕ್ಕೆ ಮುಖ್ಯವಾಗಿ ಎರಡು ಅವಸ್ಥೆಗಳುಂಟು. ಒಂದು ಕರ್ನಲಿನ ಅವಸ್ಥೆ. ಇದರಲ್ಲಿ ಎಲ್ಲ ಆದೇಶಗಳಿಗೂ ಅನುಮತಿಯಿದೆ. ಇನ್ನೊಂದು ಸಾಮಾನ್ಯ ಪ್ರೋಗ್ರಾಂಗಳ ಅವಸ್ಥೆ. ಇದರಲ್ಲಿ ಕೂಡುವ, ಕಳೆಯುವ, ಹೋಲಿಸುವ ಆದೇಶಗಳು ಮಾತ್ರ ನಡೆಯುತ್ತವೆ. ಯಂತ್ರವನ್ನೇ ಆಳುವ ಆದೇಶಗಳು ಕರ್ನಲಿಗೆ ಮೀಸಲು.

ಸಾಮಾನ್ಯ ಪ್ರೋಗ್ರಾಂ ಒಂದು ಮೀಸಲು ಆದೇಶವನ್ನು ಕೊಟ್ಟಿತೆಂದುಕೊಳ್ಳೋಣ. ಸಂಸ್ಕಾರಕವು ಅದನ್ನು ಪಾಲಿಸದೆ, ಆ ಪ್ರೋಗ್ರಾಮನ್ನು ನಿಂತಲ್ಲೇ ನಿಲ್ಲಿಸಿ, ಕರ್ನಲನ್ನು ಎಬ್ಬಿಸಿ ದೂರು ಹೇಳುತ್ತದೆ. ಇದಕ್ಕೆ 'ಟ್ರ್ಯಾಪ್', ಎಂದರೆ ಬಲೆ ಎಂದು ಹೆಸರು. ನಮ್ಮ ವಿಷಯಕ್ಕೆಲ್ಲ ಇದೇ ಬೀಗದ ಕೈ.

ಎಕ್ಸ್‌ಪಿಯ ಕರ್ನಲ್ ತಾನೇ ಅರಸನೆಂದು ಭಾವಿಸಿ ಬರೆಯಲ್ಪಟ್ಟಿದೆ. ಲಿನಕ್ಸ್ ಕರ್ನಲೂ ಹಾಗೆಯೇ. ಒಂದು ರಾಜ್ಯಕ್ಕೆ ಇಬ್ಬರು ಅರಸರು ಸಲ್ಲರಷ್ಟೆ. ಹಾಗಾದರೆ ಒಬ್ಬನನ್ನು ಸಿಂಹಾಸನದಿಂದ ಇಳಿಸಬೇಕು, ಆದರೆ ಇಳಿಸಿದ್ದು ಅವನಿಗೆ ತಿಳಿಯಬಾರದು. ಅತಿಥಿಯಾದ ಎಕ್ಸ್‌ಪಿಯನ್ನು ಅಧಿಕಾರವಿಲ್ಲದ ಅವಸ್ಥೆಯಲ್ಲಿ ನಡೆಸುತ್ತಾರೆ. ಅದು ಮೀಸಲು ಆದೇಶ ಕೊಟ್ಟಾಗಲೆಲ್ಲ ಬಲೆಗೆ ಬೀಳುತ್ತದೆ. ಆಗ ಮೇಲ್ವಿಚಾರಕವೆಂಬ ಪ್ರೋಗ್ರಾಂ ಎದ್ದು, ಅತಿಥಿ ಬಯಸಿದ್ದೇನೆಂದು ನೋಡಿ, ಅದಕ್ಕೆ ಸಲ್ಲಬೇಕಾದ ಪರಿಣಾಮವನ್ನು ಲೆಕ್ಕಮಾತ್ರದಲ್ಲಿ ಉಂಟುಮಾಡಿ, ಮತ್ತೆ ಅತಿಥಿಯನ್ನು ನಡೆಯಗೊಡುತ್ತದೆ. 'ಡಿಸ್ಕಿಗೆ ಇದನ್ನು ಬರೆ' ಎಂದು ಎಕ್ಸ್‌ಪಿ ಆಜ್ಞಾಪಿಸಿದರೆ ಮೇಲ್ವಿಚಾರಕವು ಅದನ್ನು ಲಿನಕ್ಸಿನ ಒಂದು ಕಡತದಲ್ಲಿ ಬರೆದಿಡುತ್ತದೆ. ಎಕ್ಸ್‌ಪಿಗೆ ಅದೇ ಡಿಸ್ಕ್. ಈ ಮೇಲ್ವಿಚಾರಕಕ್ಕೆ ಇಂಗ್ಲಿಷಿನಲ್ಲಿ ಹೈಪರ್‌ವೈಸರ್ ಎನ್ನುತ್ತಾರೆ.

ತಲೆಯಾಡಿಸಿ ಸುಮ್ಮನಿದ್ದ ಗುಮಾಸ್ತ

ಈ ಉಪಾಯ ಹೊಸದಲ್ಲ. ಅಮೆರಿಕದ ಮಸಾಚುಸೆಟ್ಸ್ ಸಂಸ್ಥಾನದ ಕೇಂಬ್ರಿಜ್ ನಗರದಲ್ಲಿದ್ದ ಐ.ಬಿ.ಎಂ. ಸಂಸ್ಥೆಯ ವೈಜ್ಞಾನಿಕ ಕೇಂದ್ರದಲ್ಲಿ ರಾಬರ್ಟ್ ಕ್ರೀಸಿ ಮತ್ತು ಅವರ ಸಂಗಡಿಗರು ಮೊದಲು ಸಿಪಿ-೪೦, ಅನಂತರ ಸಿಪಿ-೬೭ ಎಂಬ ವ್ಯವಸ್ಥೆಗಳನ್ನು ರಚಿಸಿದರು. ೧೯೬೭ರಲ್ಲಿ ಇವು ಕೆಲಸ ಮಾಡುತ್ತಿದ್ದವು. ಕೋಣೆ ತುಂಬುವ ಒಂದು ಬೃಹದ್ಗಣಕವನ್ನು ಹಲವರು ಏಕಕಾಲದಲ್ಲಿ ಉಪಯೋಗಿಸಿದರೂ ಪ್ರತಿಯೊಬ್ಬನಿಗೂ ತನಗೊಂದು ಪೂರ್ಣ ಗಣಕವೇ ದೊರೆತಂತೆ ತೋರುತ್ತಿತ್ತು. ೧೯೭೨ರಲ್ಲಿ ಐ.ಬಿ.ಎಂ. ಸಂಸ್ಥೆಯು ಇದನ್ನೇ ಬೆಳಸಿ ವಿಎಂ-೩೭೦ ಎಂಬ ಹೆಸರಿನಿಂದ ಹೊರತಂದಿತು. ೧೯೭೪ರಲ್ಲಿ ಜೆರಾಲ್ಡ್ ಪೋಪೆಕ್ ಮತ್ತು ರಾಬರ್ಟ್ ಗೋಲ್ಡ್‌ಬರ್ಗ್ ಎಂಬ ವಿದ್ವಾಂಸರು ಇದರ ಹಿಂದಿನ ನಿಯಮವನ್ನು ಗಣಿತದ ಖಚಿತತೆಯಿಂದ ನಿರೂಪಿಸಿದರು. ಯಂತ್ರದ ಸ್ಥಿತಿಯನ್ನು ಬದಲಿಸುವ ಅಥವಾ ಅದರ ಗುಟ್ಟನ್ನು ಹೊರಗೆಡಹುವ ಆದೇಶಗಳನ್ನು ಅವರು ಸೂಕ್ಷ್ಮ ಆದೇಶಗಳೆಂದು ಕರೆದರು. ಅಂಥ ಪ್ರತಿಯೊಂದು ಆದೇಶವೂ ಅಧಿಕಾರವಿಲ್ಲದ ಅವಸ್ಥೆಯಲ್ಲಿ ತಪ್ಪದೆ ಬಲೆಗೆ ಬೀಳುವುದಾದರೆ, ಆ ಯಂತ್ರದ ಮೇಲೆ ಇಂಥ ಮೇಲ್ವಿಚಾರಕವನ್ನು ರಚಿಸಬಹುದು. ನಿಯಮದ ಸಾರ ಇಷ್ಟೆ.

ನಮ್ಮ ಮೇಜಿನ ಮೇಲಿನ ಗಣಕಗಳ ಎಕ್ಸ್-೮೬ ವರ್ಗದ ಸಂಸ್ಕಾರಕಗಳು ಬಹುಕಾಲ ಈ ಪರೀಕ್ಷೆಯಲ್ಲಿ ತೇರ್ಗಡೆಯಾಗಲಿಲ್ಲ. ಪೆಂಟಿಯಂ ಸಂಸ್ಕಾರಕದಲ್ಲಿ ಬಲೆಗೆ ಬೀಳದ ಸೂಕ್ಷ್ಮ ಆದೇಶಗಳು ಹದಿನೇಳು ಇವೆಯೆಂದು ೨೦೦೦ದಲ್ಲಿ ಪ್ರಕಟವಾದ ವಿಶ್ಲೇಷಣೆಯೊಂದು ತೋರಿಸಿತು. 'ಪಾಪ್‌ಎಫ್' ಎಂಬ ಆದೇಶವನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಕೀಲಿಮಣೆ, ಗಡಿಯಾರ ಮುಂತಾದವುಗಳ ಕರೆಗಳನ್ನು ಸ್ವಲ್ಪ ಹೊತ್ತು ತಡೆಹಿಡಿಯಲು ಕರ್ನಲ್ ಇದನ್ನು ಬಳಸುವುದುಂಟು. ಅಧಿಕಾರವಿಲ್ಲದವನು ಹೀಗೆ ಆಜ್ಞೆ ಮಾಡಿದರೆ ಸಂಸ್ಕಾರಕವು ದೂರು ಕೊಡುವುದಿಲ್ಲ; ಆಜ್ಞೆಯನ್ನು ಪಾಲಿಸುವುದೂ ಇಲ್ಲ; ಏನೂ ಆಗದಂತೆ ಮುಂದೆ ನಡೆಯುತ್ತದೆ. ಅಧಿಕಾರವಿಲ್ಲದವನ ಮಾತಿಗೆ 'ಆಗದು' ಎಂದು ಹೇಳಿ ಮೇಲಧಿಕಾರಿಗೆ ತಿಳಿಸುವ ಗುಮಾಸ್ತನಿಂದ ಕಚೇರಿ ಕೆಡುವುದಿಲ್ಲ. 'ಹೂಂ' ಎಂದು ತಲೆಯಾಡಿಸಿ ಏನನ್ನೂ ಮಾಡದೆ ಕುಳಿತ ಗುಮಾಸ್ತನಿಂದಲೇ ಕೆಡುವುದು. ಅತಿಥಿಯು ಕರೆಗಳನ್ನು ತಡೆದಿದ್ದೇನೆಂದು ನಂಬಿ ಮುಂದುವರಿಯುತ್ತದೆ. ಮೇಲ್ವಿಚಾರಕಕ್ಕೆ ಸುದ್ದಿಯೇ ತಲಪುವುದಿಲ್ಲ.

೧೯೯೮ರಲ್ಲಿ ಸ್ಥಾಪನೆಗೊಂಡ ವಿಎಂವೇರ್ ಸಂಸ್ಥೆಯು ಮರುವರ್ಷ ಹೊರತಂದ ಪ್ರೋಗ್ರಾಂ, ಅತಿಥಿ ಕರ್ನಲಿನ ಆದೇಶಗಳನ್ನು ನಡೆಸುವ ಮುನ್ನವೇ ಓದಿ, ಇಂಥ ಮೋಸದ ಆದೇಶಗಳನ್ನು ತೆಗೆದು ಬೇರೆಯವನ್ನು ಹಾಕಿ ಈ ತೊಡಕನ್ನು ದಾಟಿತು. ಇದೊಂದು ಸಾಹಸವೇ ಸರಿ. ಕೊನೆಗೆ ಇಂಟೆಲ್ ೨೦೦೫ರಲ್ಲಿಯೂ ಎ.ಎಂ.ಡಿ. ೨೦೦೬ರಲ್ಲಿಯೂ ಸಂಸ್ಕಾರಕಗಳಲ್ಲಿಯೇ ಇದಕ್ಕೆ ಏರ್ಪಾಡು ಮಾಡಿದುವು. ಮೇಲ್ವಿಚಾರಕಕ್ಕೆಂದೇ ಹೊಸದೊಂದು ಅವಸ್ಥೆಯನ್ನು ಮೀಸಲಿಟ್ಟು, ಅತಿಥಿಯ ಯಾವ ಯಾವ ಕ್ರಿಯೆ ತನಗೆ ತಿಳಿಯಬೇಕೆಂದು ಗೊತ್ತುಪಡಿಸುವ ಸೌಕರ್ಯವನ್ನು ಅದಕ್ಕೆ ಕೊಟ್ಟರು. ಗುಮಾಸ್ತನು ಈಗ ಪ್ರಾಮಾಣಿಕನಾದನು.

ಮೊದಲನೆಯ ಬಾಗಿಲು: ಸಂಸ್ಕಾರಕದ ಅನುಮತಿ

ಇನ್ನು ಕೆಲಸಕ್ಕೆ ಬರೋಣ. ನಾವು ಆರಿಸಿದ್ದು ವರ್ಚುಯಲ್‌ಬಾಕ್ಸ್ ಎಂಬ ಮೇಲ್ವಿಚಾರಕವನ್ನು. ಜರ್ಮನಿಯ ಇನ್ನೊಟೆಕ್ ಎಂಬ ಸಂಸ್ಥೆ ಇದನ್ನು ೨೦೦೭ರಲ್ಲಿ ಮುಕ್ತ ತಂತ್ರಾಂಶವಾಗಿ ಹೊರತಂದಿತು. ೨೦೦೮ರಲ್ಲಿ ಅದು ಸನ್ ಸಂಸ್ಥೆಗೂ ೨೦೧೦ರಲ್ಲಿ ಒರಾಕಲ್ ಸಂಸ್ಥೆಗೂ ಸೇರಿತು. ಇದರ ಮೂಲಭಾಗವನ್ನು ಯಾರು ಬೇಕಾದರೂ ಹಣ ಕೊಡದೆ ಉಪಯೋಗಿಸಬಹುದು. ಜೊತೆಗೆ ದೊರೆಯುವ ವಿಸ್ತರಣಾಭಾಗಕ್ಕೆ ಮಾತ್ರ ಪ್ರತ್ಯೇಕ ಷರತ್ತುಗಳಿವೆ. ಅವನ್ನು ಓದಿಯೇ ಬಳಸಬೇಕು.

೨೦೧೯ರಲ್ಲಿ ಬಂದ ೬.೧ನೆಯ ಆವೃತ್ತಿಯಿಂದೀಚೆಗೆ ವರ್ಚುಯಲ್‌ಬಾಕ್ಸಿಗೆ ಮೇಲೆ ಹೇಳಿದ ಸಂಸ್ಕಾರಕದ ಸೌಕರ್ಯ ಇರಲೇಬೇಕು. ಇದೆಯೇ ಇಲ್ಲವೇ ಎಂದು ತಿಳಿಯುವ ಬಗೆ ಸುಲಭ. ಟರ್ಮಿನಲ್ ಕಿಟಕಿಯಲ್ಲಿ ಎಲ್, ಎಸ್, ಸಿ, ಪಿ, ಯು ಎಂಬ ಐದು ಅಕ್ಷರಗಳನ್ನು ಒತ್ತಿದರೆ ಲಿನಕ್ಸ್ ಸಂಸ್ಕಾರಕದ ಜಾತಕವನ್ನೇ ಬಿಚ್ಚಿಡುತ್ತದೆ. ಅದರಲ್ಲಿ ಇಂಟೆಲ್ ಆದರೆ 'ವಿಟಿ-ಎಕ್ಸ್' ಎಂದೂ ಎ.ಎಂ.ಡಿ. ಆದರೆ 'ಎಎಂಡಿ-ವಿ' ಎಂದೂ ಕಾಣಬೇಕು. ಕೆಲವು ವೇಳೆ ಸೌಕರ್ಯವಿದ್ದರೂ ಅದನ್ನು ಮುಚ್ಚಿಟ್ಟಿರುವುದುಂಟು. ಗಣಕವನ್ನು ಚಾಲನೆ ಮಾಡಿದ ಕೂಡಲೆ ಏಳುವ ಮೂಲ ಪ್ರೋಗ್ರಾಮಿನ, ಎಂದರೆ ಬಯೋಸ್ ಅಥವಾ ಯುಇಎಫ್‌ಐ ಎಂಬುದರ, ಪುಟಗಳಲ್ಲಿ ಹುಡುಕಿ ಅದನ್ನು ತೆರೆಯಬೇಕು. ನಮ್ಮ ಗಣಕದಲ್ಲಿ ಅದು ತೆರೆದೇ ಇತ್ತು.

ಎರಡನೆಯ ಬಾಗಿಲು: ಕರ್ನಲಿನ ಅನುಮತಿ

ಉಬುಂಟುವಿನಲ್ಲಿ ತಂತ್ರಾಂಶಗಳ ಉಗ್ರಾಣವೊಂದಿದೆ. 'ಸುಡೊ ಆಪ್ಟ್ ಇನ್‌ಸ್ಟಾಲ್ ವರ್ಚುಯಲ್‌ಬಾಕ್ಸ್' ಎಂಬ ಒಂದೇ ಸಾಲಿನ ಆಜ್ಞೆಯಿಂದ ಬೇಕಾದುದೆಲ್ಲವೂ ಉಗ್ರಾಣದಿಂದ ಬಂದು ಸೇರುತ್ತದೆ. ಹೆಚ್ಚಿನ ತಂತ್ರಾಂಶಗಳಲ್ಲಿ ಇಲ್ಲಿಗೆ ಕೆಲಸ ಮುಗಿಯಿತು. ವರ್ಚುಯಲ್‌ಬಾಕ್ಸಿನಲ್ಲಿ ಮುಗಿಯುವುದಿಲ್ಲ. ಕಾರಣವೇನೆಂದರೆ, ಬಲೆಗೆ ಬಿದ್ದ ಅತಿಥಿಯನ್ನು ಎತ್ತಿ ನಡೆಸಬೇಕಾದ ಭಾಗವು ಸಾಮಾನ್ಯ ಪ್ರೋಗ್ರಾಂ ಆಗಿದ್ದರೆ ಸಾಲದು. ಅದು ಲಿನಕ್ಸ್ ಕರ್ನಲಿನ ಒಳಗೇ ಸೇರಿಕೊಂಡು ಅರಸನ ಅಧಿಕಾರವನ್ನು ಹಂಚಿಕೊಳ್ಳಬೇಕು. ಹೀಗೆ ಕರ್ನಲಿಗೆ ಸೇರಿಸುವ ತುಂಡಿಗೆ ಮಾಡ್ಯೂಲ್ ಎನ್ನುತ್ತಾರೆ. ಕರ್ನಲ್ ಬದಲಾದಂತೆಲ್ಲ ಈ ತುಂಡನ್ನು ಅದರ ಅಳತೆಗೆ ತಕ್ಕಂತೆ ಹೊಸದಾಗಿ ಕಟ್ಟಬೇಕಾಗುತ್ತದೆ. ಡಿ.ಕೆ.ಎಂ.ಎಸ್. ಎಂಬ ಸಹಾಯಕ ಪ್ರೋಗ್ರಾಂ ಈ ಕೆಲಸವನ್ನು ತಾನೇ ಮಾಡುತ್ತದೆ.

ಎಡವಿದ್ದು ಇಲ್ಲಿಯೇ. ಸ್ಥಾಪನೆಯ ನಡುವೆ ಪರದೆಯ ಮೇಲೆ ಒಂದು ಸೂಚನೆ ಬಂದು ಗುಪ್ತಪದವೊಂದನ್ನು ಕೇಳಿತು. ಅವಸರದಲ್ಲಿ ಏನೋ ಒಂದನ್ನು ಕೊಟ್ಟು ಮುಂದೆ ಸಾಗಿದೆವು. ಗಣಕವನ್ನು ಮತ್ತೆ ಚಾಲನೆ ಮಾಡಿದಾಗ ನೀಲಿ ಬಣ್ಣದ ಪರದೆಯೊಂದು ಮೂಡಿ, ಯಾವುದಾದರೂ ಕೀಲಿಯನ್ನು ಒತ್ತೆಂದು ಹೇಳಿ, ಹತ್ತರಿಂದ ಕೆಳಕ್ಕೆ ಎಣಿಸತೊಡಗಿತು. ಇದೇನೆಂದು ನಾವು ಮುಖಮುಖ ನೋಡಿಕೊಳ್ಳುವಷ್ಟರಲ್ಲಿ ಎಣಿಕೆ ಮುಗಿದು ಪರದೆ ಮಾಯವಾಯಿತು. ಆಮೇಲೆ ಮಿಥ್ಯಾಗಣಕವನ್ನು ಚಾಲನೆ ಮಾಡಲು ಹೋದರೆ 'ಕರ್ನಲ್ ಚಾಲಕವು ಸ್ಥಾಪಿತವಾಗಿಲ್ಲ' ಎಂಬ ಅರ್ಥದ ವಾಕ್ಯವೂ ಅದರೊಡನೆ ಋಣ ೧೯೦೮ ಎಂಬ ಸಂಖ್ಯೆಯೂ ಕಂಡುವು. ತಂತ್ರಾಂಶವನ್ನು ತೆಗೆದು ಮತ್ತೆ ಹಾಕಿದೆವು, ಫಲ ಅದೇ. ಇತ್ತ ಹಳೆಯ ಡಿಸ್ಕಿನ ಟಿಕ್ ಟಿಕ್ ದಿನದಿನಕ್ಕೂ ಜೋರಾಗುತ್ತಿತ್ತು.

ತಪ್ಪು ತಂತ್ರಾಂಶದ್ದಲ್ಲ, ನಮ್ಮದು. ಇಂದಿನ ಗಣಕಗಳಲ್ಲಿ 'ಸೆಕ್ಯೂರ್ ಬೂಟ್' ಎಂಬ ಕಾವಲಿದೆ. ಗಣಕ ಏಳುವಾಗ ಮೂಲ ಪ್ರೋಗ್ರಾಂ ತನಗೆ ಗೊತ್ತಿರುವವರ ಮುದ್ರೆಯಿದ್ದುದನ್ನು ಮಾತ್ರ ಒಳಕ್ಕೆ ಬಿಡುತ್ತದೆ. ಹಾಗೆ ಬಂದ ಕರ್ನಲೂ ಮುದ್ರೆಯಿಲ್ಲದ ಮಾಡ್ಯೂಲನ್ನು ಸೇರಿಸಿಕೊಳ್ಳುವುದಿಲ್ಲ. ವರ್ಚುಯಲ್‌ಬಾಕ್ಸಿನ ಮಾಡ್ಯೂಲ್ ನಮ್ಮ ಗಣಕದಲ್ಲಿಯೇ ಕಟ್ಟಲ್ಪಟ್ಟದ್ದು. ಅದಕ್ಕೆ ಬೇರೆಯವರು ಮುದ್ರೆ ಹಾಕಿರುವುದು ಸಾಧ್ಯವಿಲ್ಲ. ಆದುದರಿಂದ ಉಬುಂಟು ನಮ್ಮ ಹೆಸರಿನಲ್ಲಿ ಒಂದು ಜೋಡಿ ಕೀಲಿಗಳನ್ನು ಸೃಷ್ಟಿಸಿ, ಗೋಪ್ಯವಾದ ಕೀಲಿಯಿಂದ ಮಾಡ್ಯೂಲಿಗೆ ಮುದ್ರೆ ಒತ್ತುತ್ತದೆ. ಬಹಿರಂಗದ ಕೀಲಿಯನ್ನು ಕಾವಲುಗಾರನ ಪಟ್ಟಿಯಲ್ಲಿ ನೋಂದಾಯಿಸಬೇಕೆಂದು ಕೇಳುವುದೇ ಆ ನೀಲಿ ಪರದೆ. ನಾವು ಸುಮ್ಮನೆ ನಿಂತದ್ದರಿಂದ ನೋಂದಣಿ ಆಗಲೇ ಇಲ್ಲ. ಮುದ್ರೆಯಿದ್ದರೂ ಅದು ಅಪರಿಚಿತನ ಮುದ್ರೆಯಾಗಿ ಉಳಿಯಿತು.

ಆಗ ಒಬ್ಬ ವಿದ್ಯಾರ್ಥಿ, "ಸಾರ್, ಸೆಕ್ಯೂರ್ ಬೂಟ್ ಅನ್ನೇ ತೆಗೆದುಬಿಟ್ಟರೆ ಎರಡು ನಿಮಿಷದಲ್ಲಿ ಕೆಲಸ ಆಗುತ್ತದೆ" ಎಂದನು. ಅವನ ಮಾತು ನಿಜ. ಹಾಗೆ ಮಾಡುವವರು ಅನೇಕರಿದ್ದಾರೆ. ಸಮಯವೂ ನಮ್ಮ ಬಳಿ ಹೆಚ್ಚಾಗಿರಲಿಲ್ಲ. ಆದರೆ ಆ ಗಣಕಕ್ಕೆ ದಿನವೂ ಹತ್ತಾರು ಪೆನ್‌ಡ್ರೈವುಗಳು ಬಂದು ಹೋಗುತ್ತವೆ. ಒಂದು ಮಾಡ್ಯೂಲಿಗೆ ದಾರಿ ಮಾಡಿಕೊಡುವುದಕ್ಕಾಗಿ ಕಾವಲುಗಾರನನ್ನೇ ಮನೆಗೆ ಕಳುಹಿಸಿದರೆ ನಾಳೆ ಬರುವ ಕೆಟ್ಟ ಮಾಡ್ಯೂಲಿಗೂ ಅದೇ ದಾರಿ ತೆರೆದಿರುತ್ತದೆ. ಕಾವಲುಗಾರನಿಗೆ ನಮ್ಮ ಗುರುತನ್ನು ಹೇಳಿಕೊಡುವುದೇ ಸರಿಯಾದ ಮಾರ್ಗವೆಂದು ತೀರ್ಮಾನಿಸಿದೆವು.

'ಮೋಕ್‌ಯುಟಿಲ್' ಎಂಬ ಆಜ್ಞೆಯಿಂದ ನೋಂದಣಿಯ ಕೋರಿಕೆಯನ್ನು ಮತ್ತೆ ಸಲ್ಲಿಸಿ, ಹೊಸ ಗುಪ್ತಪದವನ್ನು ಈ ಸಲ ಕಾಗದದಲ್ಲಿ ಬರೆದಿಟ್ಟುಕೊಂಡೆವು. ನೀಲಿ ಪರದೆ ಬಂದೊಡನೆ ಕೀಲಿಯನ್ನೊತ್ತಿ, 'ಎನ್‌ರೋಲ್ ಮೋಕ್' ಎಂಬುದನ್ನು ಆರಿಸಿ, ಗುಪ್ತಪದವನ್ನು ಕೊಟ್ಟೆವು. ಈ ಗುಪ್ತಪದ ಏತಕ್ಕೆ? ಕೋರಿಕೆ ಸಲ್ಲಿಸಿದವನೂ ಗಣಕ ಏಳುವಾಗ ಅದರ ಎದುರಿಗೆ ಕುಳಿತಿರುವವನೂ ಒಬ್ಬನೇ ಎಂದು ತಿಳಿಯುವುದಕ್ಕೆ. ಜಾಲದ ಮೂಲಕ ದೂರದಿಂದ ನುಸುಳಿದ ಕಳ್ಳನು ಕೋರಿಕೆಯನ್ನು ಸಲ್ಲಿಸಬಲ್ಲನು. ಆದರೆ ಗಣಕ ಏಳುವ ಹೊತ್ತಿನಲ್ಲಿ ಕೀಲಿಮಣೆಯ ಮುಂದೆ ಬಂದು ಕುಳಿತುಕೊಳ್ಳಲಾರನು. ಗಣಕವು ಮತ್ತೆ ಎದ್ದಾಗ ಮಾಡ್ಯೂಲ್ ಸದ್ದಿಲ್ಲದೆ ಒಳಸೇರಿತು.

ವಾಚಕರಿಗೆ ಇಲ್ಲಿ ಇನ್ನೊಂದು ತೊಡಕು ಎದುರಾಗಬಹುದು. ೨೦೦೭ರಲ್ಲಿ ಬಂದ ೨.೬.೨೦ನೆಯ ಆವೃತ್ತಿಯಿಂದ ಲಿನಕ್ಸ್ ಕರ್ನಲಿನಲ್ಲಿಯೇ ಕೆ.ವಿ.ಎಂ. ಎಂಬ ಮೇಲ್ವಿಚಾರಕವಿದೆ. ೨೦೨೪ರ ನವೆಂಬರಿನಲ್ಲಿ ಬಂದ ೬.೧೨ನೆಯ ಆವೃತ್ತಿಯಿಂದ ಅದು ತಾನು ಒಳಸೇರಿದ ಕೂಡಲೆ ಸಂಸ್ಕಾರಕದ ಸೌಕರ್ಯವನ್ನು ಹಿಡಿದಿಟ್ಟುಕೊಳ್ಳುತ್ತದೆ. ಹಿಡಿ ಒಂದೇ, ಇಬ್ಬರು ಮೇಲ್ವಿಚಾರಕರು ಅದನ್ನು ಒಟ್ಟಿಗೆ ಹಿಡಿಯಲಾರರು. ಹೀಗಾದಾಗ ಕೆ.ವಿ.ಎಂ. ಮಾಡ್ಯೂಲನ್ನು ಹೊರತೆಗೆದು ವರ್ಚುಯಲ್‌ಬಾಕ್ಸಿಗೆ ಜಾಗ ಮಾಡಿಕೊಡಬೇಕು, ಇಲ್ಲವೆ ಕೆ.ವಿ.ಎಂ. ಅನ್ನೇ ಉಪಯೋಗಿಸಬೇಕು.

ಅತಿಥಿಯ ಮನೆ

ಮಿಥ್ಯಾಗಣಕವನ್ನು ಕಟ್ಟುವುದು ಈಗ ಕೆಲವು ನಿಮಿಷಗಳ ಮಾತು. ಎಕ್ಸ್‌ಪಿಗೆ ಅದರ ತಯಾರಕರು ಸೂಚಿಸಿದ ಸ್ಮೃತಿ ೧೨೮ ಮೆಗಾಬೈಟ್. ನಾವು ಉದಾರವಾಗಿ ೫೧೨ ಕೊಟ್ಟೆವು. ನಮ್ಮ ೮ ಗಿಗಾಬೈಟಿನಲ್ಲಿ ಇದು ಹದಿನಾರನೆಯ ಒಂದು ಪಾಲು ಮಾತ್ರ. ೧೦ ಗಿಗಾಬೈಟಿನ ಡಿಸ್ಕನ್ನು ಕೊಟ್ಟೆವು. ಈ ಡಿಸ್ಕ್ ಲಿನಕ್ಸಿನಲ್ಲಿರುವ ಒಂದು ಕಡತವಷ್ಟೆ. ಅದು ಮೊದಲಿಗೆ ಬಹಳ ಚಿಕ್ಕದಾಗಿದ್ದು, ಅತಿಥಿಯು ಬರೆಯುತ್ತ ಹೋದಂತೆ ಬೆಳೆಯುತ್ತದೆ. ಕಾಲೇಜಿನ ಹೆಸರಿನಲ್ಲಿದ್ದ ಎಕ್ಸ್‌ಪಿಯ ಸಿ.ಡಿ. ಮತ್ತು ಅದರ ಅನುಮತಿಪತ್ರ ಕಪಾಟಿನಲ್ಲಿದ್ದುದು ನಮ್ಮ ಪುಣ್ಯ. ಗಣಕ ಮಿಥ್ಯೆಯಾದರೂ ತಂತ್ರಾಂಶದ ಷರತ್ತುಗಳು ಮಿಥ್ಯೆಯಲ್ಲವೆಂಬುದನ್ನು ವಿದ್ಯಾರ್ಥಿಗಳು ನೆನಪಿಡಬೇಕು.

ಒಂದನ್ನು ಮಾತ್ರ ನಾವು ಬೇಕೆಂದೇ ಕೊಡಲಿಲ್ಲ: ಜಾಲಸಂಪರ್ಕ. ಎಕ್ಸ್‌ಪಿಗೆ ಬರುತ್ತಿದ್ದ ಕ್ರಮವಾದ ರಕ್ಷಣಾ ತಿದ್ದುಪಡಿಗಳು ೨೦೧೪ರ ಏಪ್ರಿಲ್ ೮ರಂದು ನಿಂತುಹೋದವು. ಅಂಥ ವ್ಯವಸ್ಥೆಯನ್ನು ಅಂತರಜಾಲಕ್ಕೆ ಒಡ್ಡುವುದು ಬಾಗಿಲಿಲ್ಲದ ಮನೆಯಲ್ಲಿ ಬೆಳ್ಳಿಯ ಪಾತ್ರೆಗಳನ್ನು ಇಟ್ಟಂತೆ. ನಿಜಗಣಕದಲ್ಲಾದರೆ ತಂತಿಯನ್ನು ಕೀಳಬೇಕು. ಇಲ್ಲಿ ಒಂದು ಗುರುತನ್ನು ಅಳಿಸಿದರೆ ಸಾಕು.

ಎಕ್ಸ್‌ಪಿ ಮತ್ತು ಪ್ರೋಗ್ರಾಂ ಎರಡೂ ನೆಲೆಗೊಂಡ ಮೇಲೆ ಆ ಕ್ಷಣದ ಸ್ಥಿತಿಯನ್ನು 'ಸ್ನ್ಯಾಪ್‌ಶಾಟ್' ಆಗಿ ಉಳಿಸಿಕೊಂಡೆವು. ಅಲ್ಲಿಂದ ಮುಂದೆ ಡಿಸ್ಕಿಗೆ ಬರೆದುದೆಲ್ಲ ಬೇರೊಂದು ಕಡತಕ್ಕೆ ಹೋಗುತ್ತದೆ. ಮೊದಲಿನದು ಮುಟ್ಟದೆ ಉಳಿಯುತ್ತದೆ. ಯಾರಾದರೂ ಏನನ್ನಾದರೂ ಕೆಡಿಸಿದರೆ ಹೊಸ ಕಡತವನ್ನು ಬಿಟ್ಟುಬಿಟ್ಟರಾಯಿತು. ಕಾಲವನ್ನು ಹಿಂದಿರುಗಿಸುವ ಈ ಸೌಕರ್ಯ ನಿಜಗಣಕಕ್ಕೆ ಸುಲಭವಾಗಿ ಇಲ್ಲ.

ಮೂರನೆಯ ಬಾಗಿಲು: ಬಳಕೆದಾರನ ಅನುಮತಿ

ಉಪಕರಣವು ಗಣಕದೊಡನೆ ಮಾತನಾಡುವುದು ಒಂಬತ್ತು ಸೂಜಿಗಳ ಸೀರಿಯಲ್ ಪೋರ್ಟಿನ ಮೂಲಕ. ಹೊಸ ಗಣಕದಲ್ಲಿ ಅದಿಲ್ಲವಾದುದರಿಂದ ಯು.ಎಸ್.ಬಿ. ಪರಿವರ್ತಕವೊಂದನ್ನು ತಂದೆವು. ಲಿನಕ್ಸ್ ಅದನ್ನು ಗುರುತಿಸಿತು. ಮಿಥ್ಯಾಗಣಕದ 'ಕಾಂ-೧' ಎಂಬ ಪೋರ್ಟಿಗೆ ಅದನ್ನು ಜೋಡಿಸಿದೆವು. ಆದರೆ ಅನುಮತಿಯಿಲ್ಲವೆಂಬ ಉತ್ತರ ಬಂತು. ಲಿನಕ್ಸಿನಲ್ಲಿ ಸೀರಿಯಲ್ ಪೋರ್ಟನ್ನು ಮುಟ್ಟುವ ಹಕ್ಕು 'ಡಯಲ್‌ಔಟ್' ಎಂಬ ಗುಂಪಿನ ಸದಸ್ಯರಿಗೆ ಮಾತ್ರ. ಟೆಲಿಫೋನಿನ ಮೂಲಕ ಗಣಕಗಳು ಮಾತನಾಡುತ್ತಿದ್ದ ದಿನಗಳ ಹೆಸರು ಅದು. ನಮ್ಮ ಬಳಕೆದಾರ ಹೆಸರನ್ನು ಆ ಗುಂಪಿಗೆ ಸೇರಿಸಿ, ಒಮ್ಮೆ ಹೊರಬಂದು ಮತ್ತೆ ಪ್ರವೇಶಿಸಿದೆವು. ಮೂರನೆಯ ಬಾಗಿಲೂ ತೆರೆಯಿತು. ಪರದೆಯ ಮೇಲೆ ಸೀಸಿಯಮ್ಮಿನ ಶಿಖರ ಮೆಲ್ಲಮೆಲ್ಲನೆ ಏರತೊಡಗಿತು. ಆ ನಾಲ್ವರ ಕಡತಗಳೂ ಒಂದೊಂದಾಗಿ ತೆರೆದುಕೊಂಡುವು.

ನಂಬಬಹುದೆ?

ಅಷ್ಟರಲ್ಲಿ ಒಬ್ಬಳು ವಿದ್ಯಾರ್ಥಿನಿ ಕೇಳಿದ ಪ್ರಶ್ನೆ ನಮ್ಮೆಲ್ಲರನ್ನೂ ನಿಲ್ಲಿಸಿತು. "ಸಾರ್, ಅತಿಥಿ ಪದೇ ಪದೇ ಬಲೆಗೆ ಬೀಳುತ್ತದೆ ಎಂದಿರಲ್ಲ. ಹಾಗಾದರೆ ಅದರ ಗಡಿಯಾರ ಸರಿಯಾಗಿರುತ್ತದೆಯೇ? ಅಳತೆಯನ್ನು ಹೇಗೆ ನಂಬುವುದು?"

ಭೌತವಿಜ್ಞಾನಿಯು ಕೇಳಬೇಕಾದ ಪ್ರಶ್ನೆಯೇ ಇದು. ಬಲೆಯಿಂದಾಗುವ ವಿಳಂಬವನ್ನು ಮೊದಲು ನೋಡೋಣ. ನಮ್ಮ ಉಪಕರಣವು ಸೆಕೆಂಡಿಗೆ ೯೬೦೦ ಬಿಟ್ ವೇಗದಲ್ಲಿ ಸುದ್ದಿ ಕಳುಹಿಸುತ್ತದೆ. ಒಂದು ಅಕ್ಷರಕ್ಕೆ ಹತ್ತು ಬಿಟ್ ಬೇಕಾದುದರಿಂದ ಸೆಕೆಂಡಿಗೆ ೯೬೦ ಅಕ್ಷರಗಳು. ಸಂಸ್ಕಾರಕವು ಸೆಕೆಂಡಿಗೆ ಮುನ್ನೂರು ಕೋಟಿ ಸಲ ಮಿಡಿಯುವುದೆಂದರೆ, ಎರಡು ಅಕ್ಷರಗಳ ನಡುವೆ ಅದಕ್ಕೆ ಸುಮಾರು ಮೂವತ್ತೊಂದು ಲಕ್ಷ ಮಿಡಿತಗಳ ಬಿಡುವಿದೆ. ಬಲೆಯೊಂದರ ವೆಚ್ಚ ಇದರ ಮುಂದೆ ಏನೂ ಅಲ್ಲ.

ಗಡಿಯಾರದ ವಿಷಯ ಬೇರೆ. ಅತಿಥಿಯ ಗಡಿಯಾರ ಹಿಂದುಮುಂದಾಗುವುದು ಸಾಧ್ಯ. ಆದರೆ ನಮ್ಮ ಉಪಕರಣದಲ್ಲಿ ಎಣಿಕೆಯ ಅವಧಿಯನ್ನು ಅಳೆಯುವುದು ಉಪಕರಣದೊಳಗಿನ ಸ್ಫಟಿಕವೇ ಹೊರತು ಗಣಕವಲ್ಲ. ಗಣಕವು ಕೇವಲ ಓದುಗ. ಅವಧಿಯನ್ನು ಗಣಕವೇ ಅಳೆಯುವ ಪ್ರಯೋಗವ್ಯವಸ್ಥೆಯಾಗಿದ್ದರೆ ಮಿಥ್ಯಾಗಣಕವನ್ನು ಪರೀಕ್ಷಿಸದೆ ನಂಬುವುದು ತಪ್ಪಾಗುತ್ತಿತ್ತು.

ವಾದದಿಂದ ತೃಪ್ತರಾಗದೆ ಪ್ರಯೋಗವನ್ನೇ ಮಾಡಿದೆವು. ಹಳೆಯ ಗಣಕ ಇನ್ನೂ ಉಸಿರಾಡುತ್ತಿದ್ದುದರಿಂದ, ಅದೇ ಮೂಲ, ಅದೇ ದೂರ, ಅದೇ ಅವಧಿಗಳನ್ನಿಟ್ಟುಕೊಂಡು ಎರಡರಲ್ಲೂ ಎಣಿಕೆಗಳನ್ನು ಪಡೆದೆವು. ಪರಮಾಣುಗಳ ವಿಘಟನೆ ಆಕಸ್ಮಿಕವಾದುದರಿಂದ ೧೦,೦೦೦ ಎಣಿಕೆಗೆ ಅದರ ವರ್ಗಮೂಲವಾದ ೧೦೦ರಷ್ಟು ಏರಿಳಿತ ಸಹಜ. ಎರಡು ಎಣಿಕೆಗಳ ವ್ಯತ್ಯಾಸಕ್ಕೆ ಸುಮಾರು ೧೪೧. ಹತ್ತು ಜೋಡಿಗಳಲ್ಲಿ ಬಹುಪಾಲು ಈ ಮಿತಿಯೊಳಗಿದ್ದುವು. ಕೆಲವು ತುಸು ಮೀರಿದುವು. ಒಂದೂ ಮೀರದಿದ್ದರೆ ನಮಗೆ ಅನುಮಾನ ಬರಬೇಕಾಗಿತ್ತು! ಶಿಖರವು ಎರಡರಲ್ಲೂ ಅದೇ ಮನೆಯಲ್ಲಿ ನಿಂತಿತ್ತು.

ದರ್ಪಣದ ಹಿಂದಿನ ಬಿಂಬವನ್ನು ತೆರೆಯ ಮೇಲೆ ಹಿಡಿಯಲಾಗದು. ಮಿಥ್ಯಾಗಣಕ ಹಾಗಲ್ಲ; ಅದು ಎಣಿಸಿ ತಂದ ಸಂಖ್ಯೆಗಳನ್ನು ನೋಟ್‌ಪುಸ್ತಕದಲ್ಲಿ ಬರೆದಿಡಬಹುದು, ಪರೀಕ್ಷಕರಿಗೆ ತೋರಿಸಬಹುದು. ಪ್ರಾಯೋಗಿಕ ಪರೀಕ್ಷೆ ನಿಗದಿಯಾದ ದಿನವೇ ನಡೆಯಿತು. ಹಳೆಯ ಗಣಕ ಅದಕ್ಕೆ ಒಂಬತ್ತು ದಿನ ಮೊದಲು ನಿಂತುಹೋಗಿತ್ತು.

ನಾವು ದಾಟಿದ ಮೂರು ಬಾಗಿಲುಗಳಲ್ಲಿಯೂ ಕೇಳಿದ ಪ್ರಶ್ನೆ ಒಂದೇ: ಈ ಆಜ್ಞೆಯನ್ನು ಕೊಡಲು ನಿನಗೆ ಅಧಿಕಾರವುಂಟೇ? ಸಂಸ್ಕಾರಕ, ಕರ್ನಲ್, ಗುಂಪುಗಳ ಪಟ್ಟಿ ಇವು ಒಂದೊಂದೂ ಅದನ್ನು ಬೇರೆ ಬೇರೆ ಮಾತಿನಲ್ಲಿ ಕೇಳಿದುವು. ಯಂತ್ರವು 'ಆಗದು' ಎಂದಾಗ ಅದನ್ನು ಬೈಯುವುದಾಗಲಿ ಕಾವಲನ್ನು ಕಿತ್ತುಹಾಕುವುದಾಗಲಿ ಸುಲಭ. 'ಆಗದು' ಎಂದದ್ದು ಯಾರು, ಏಕೆ ಎಂದು ವಿಚಾರಿಸಿದರೆ ಅಲ್ಲೊಂದು ಪಾಠ ಕಾದಿರುತ್ತದೆ. ತರುಣ ವಾಚಕರ ಮನೆಯಲ್ಲಿಯೋ ಕಾಲೇಜಿನಲ್ಲಿಯೋ ಲಿನಕ್ಸ್ ಗಣಕವಿದ್ದರೆ ಆ ಐದು ಅಕ್ಷರಗಳ ಆಜ್ಞೆಯಿಂದ ಪ್ರಾರಂಭಿಸಲಿ. ನೀಲಿ ಪರದೆ ಬಂದಾಗ ಮಾತ್ರ ಹತ್ತು ಸೆಕೆಂಡುಗಳಲ್ಲಿ ಕೀಲಿಯನ್ನು ಒತ್ತಲು ಮರೆಯದಿರಲಿ.